ಹಾರ್ಟ್‌ವರ್ಮ್ ಮಾತ್ರೆ ಒಂದು ತಿಂಗಳೂ ತಪ್ಪದ ಹಾಗೆ ಏನು ಮಾಡಬೇಕು?

ಮುಂಬಯಿಯ ಮುಲುಂಡ್‌ನಲ್ಲಿ ನಮ್ಮ ಸೊಸೈಟಿಯ ಗೇಟಿನ ಹತ್ತಿರ ಬೆಳಗ್ಗೆ ನಾಯಿ ಹಿಡಿದುಕೊಂಡು ಬರುವವರು ಏಳೆಂಟು ಜನ. ಅದರಲ್ಲಿ ನಾಲ್ಕು ಮನೆ ನಮ್ಮವರೇ. ಕುಂದಾಪುರದವರು ಎರಡು, ಉಡುಪಿಯವರು ಒಂದು, ಧಾರವಾಡದವರು ಒಂದು. ಹಾಗಾಗಿ ಅಲ್ಲಿ ಮಾತೆಲ್ಲ ಕನ್ನಡದಲ್ಲೇ. ಕಳೆದ ಮಳೆಗಾಲದಲ್ಲಿ ಒಂದು ದಿನ ಸುಮ್ನೆ ಕೇಳಿದೆ, "ಹಾರ್ಟ್‌ವರ್ಮ್‌ಗೆ ಏನು ಕೊಡ್ತಿದ್ದೀರಿ?" ಅಂತ. ಹಾರ್ಟ್‌ವರ್ಮ್ ಅಂದರೆ ನಾಯಿಯ ಹೃದಯದ ಹತ್ತಿರ ಸೇರಿಕೊಳ್ಳುವ ಹುಳು. "ಕೊಡ್ತೇವಲ್ಲ, ಹುಳದ ಮಾತ್ರೆ" ಅಂದರು ಎಲ್ಲರೂ. ಮಾರನೇ ದಿನ ಸ್ಟ್ರಿಪ್ ತಂದು ತೋರಿಸಿದಾಗ ನೋಡಿದರೆ ಇಬ್ಬರು ಕೊಡುತ್ತಿದ್ದದ್ದು ಹೊಟ್ಟೆಯ ಜಂತುಹುಳದ ಮಾತ್ರೆ. ಇನ್ನೊಬ್ಬರದ್ದು ಸರಿಯಾದ ಔಷಧಿಯೇ, ಆದರೆ ಕೊನೆಯ ಸಲ ಕೊಟ್ಟದ್ದು ಯಾವಾಗ ಅಂದರೆ ಗಂಡ "ಗಣಪತಿ ಹಬ್ಬಕ್ಕೆ ಮೊದಲು" ಅಂದರು, ಹೆಂಡತಿ "ಅಲ್ಲ, ಜೂನ್‌ನಲ್ಲಿ" ಅಂದರು.

ಇವರೆಲ್ಲ ನಾಯಿಯನ್ನು ಮಕ್ಕಳ ಹಾಗೆ ನೋಡಿಕೊಳ್ಳುವವರು. ಪ್ರೀತಿಗೆ ಕೊರತೆ ಇಲ್ಲ. ತಪ್ಪುತ್ತಿರುವುದು ತಾರೀಕು. ಆ ತಾರೀಕನ್ನು ಹಿಡಿದಿಟ್ಟುಕೊಳ್ಳುವುದು ಹೇಗೆ ಅಂತ ನಮ್ಮ ಮನೆಯಲ್ಲಿ ಎರಡು ವರ್ಷ ಒದ್ದಾಡಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು: ತಾರೀಕು ಯಾಕೆ ಮುಖ್ಯ

ಹಾರ್ಟ್‌ವರ್ಮ್ ಸೊಳ್ಳೆಯಿಂದ ಬರುವ ಹುಳು. ಹೆಸರು ಡೈರೊಫೈಲೇರಿಯಾ ಇಮಿಟಿಸ್. ಒಂದು ನಾಯಿಯಿಂದ ಇನ್ನೊಂದಕ್ಕೆ ನೇರವಾಗಿ ಅಂಟುವುದಿಲ್ಲ, ನಡುವೆ ಸೊಳ್ಳೆ ಬೇಕೇ ಬೇಕು. ಹುಳು ಇರುವ ನಾಯಿಯ ರಕ್ತ ಕುಡಿದ ಸೊಳ್ಳೆಯೊಳಗೆ ಮರಿಹುಳುಗಳು ಬೆಳೆಯುತ್ತವೆ. ನಮ್ಮಂಥ ಬಿಸಿ ಹವೆಯಲ್ಲಿ ಅದಕ್ಕೆ ಎರಡು ವಾರ ಸಾಕು. ಆ ಸೊಳ್ಳೆ ಮುಂದೆ ಯಾವ ನಾಯಿಯನ್ನು ಕಚ್ಚಿತೋ, ಕಚ್ಚಿದ ಗಾಯದ ಮೂಲಕ ಮರಿಹುಳು ಅದರ ಚರ್ಮದೊಳಗೆ ಸೇರುತ್ತದೆ. ಅಲ್ಲಿಂದ ಮೆಲ್ಲಗೆ ಪ್ರಯಾಣ ಮಾಡಿ ಶ್ವಾಸಕೋಶದ ರಕ್ತನಾಳಕ್ಕೆ, ಹೃದಯದ ಹತ್ತಿರಕ್ಕೆ ಹೋಗುತ್ತದೆ. ಪೂರ್ತಿ ದೊಡ್ಡದಾಗಿ ತಾನೂ ಮರಿ ಹಾಕಲು ಆರೇಳು ತಿಂಗಳು. ಹೆಣ್ಣು ಹುಳು 25-30 ಸೆಂಟಿಮೀಟರ್ ಉದ್ದ ಬೆಳೆಯುತ್ತದೆ, 5 ರಿಂದ 7 ವರ್ಷ ಬದುಕುತ್ತದೆ. ಅಷ್ಟು ಉದ್ದದ ಹುಳುಗಳು ಒಂದು ಸಣ್ಣ ನಾಯಿಯ ರಕ್ತನಾಳದಲ್ಲಿ ಇರುವುದನ್ನು ಯೋಚಿಸಿ ನೋಡಿ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ನಾವು ತಿಂಗಳಿಗೊಮ್ಮೆ ಕೊಡುವ ಮಾತ್ರೆ ಮುಂದಿನ ತಿಂಗಳಿಗೆ ಬೇಲಿ ಹಾಕುತ್ತದೆ ಅಂತ ಹೆಚ್ಚಿನವರು ತಿಳಿದಿದ್ದಾರೆ. ನಾನೂ ಹಾಗೇ ತಿಳಿದಿದ್ದೆ. ಅದರ ಕೆಲಸ ಹಿಂದಕ್ಕೆ. ಹಿಂದಿನ ಒಂದು ತಿಂಗಳಲ್ಲಿ ಸೊಳ್ಳೆ ಬಿಟ್ಟುಹೋದ ಮರಿಹುಳುಗಳನ್ನು ಅದು ಕೊಲ್ಲುತ್ತದೆ, ಅವು ಇನ್ನೂ ಎಳೆಯವು ಆಗಿರುವಾಗ. 50-60 ದಿನ ದಾಟಿದ ಮೇಲೆ ಮರಿಹುಳು ಬಲಿತುಬಿಡುತ್ತದೆ, ಆಗ ಈ ಮಾತ್ರೆಯನ್ನು ನಂಬಿ ಕೂರುವ ಹಾಗಿಲ್ಲ. ಅಂದರೆ ಜೂನ್‌ನಲ್ಲಿ ಕಚ್ಚಿದ ಸೊಳ್ಳೆಯ ಲೆಕ್ಕ ಜುಲೈ ಮಾತ್ರೆಯಲ್ಲಿ ಚುಕ್ತಾ ಆಗಬೇಕು. ಜುಲೈ ತಪ್ಪಿ, ಆಗಸ್ಟ್ ತಪ್ಪಿ, ಸೆಪ್ಟೆಂಬರ್‌ನಲ್ಲಿ ನೆನಪಾಗಿ ಕೊಟ್ಟರೆ ಜೂನ್‌ನ ಹುಳು ಕೈ ತಪ್ಪಿಹೋಗಿರಬಹುದು.

ಹುಳು ಬೆಳೆದ ಮೇಲೆ ಚಿಕಿತ್ಸೆ ಇಲ್ಲ ಅಂತಲ್ಲ. ಆದರೆ ಅದು ನಾಯಿಗೆ ತುಂಬಾ ಕಷ್ಟ. ಮೆಲಾರ್ಸೊಮಿನ್ ಅನ್ನುವ ಆರ್ಸೆನಿಕ್ ಸೇರಿದ ಇಂಜೆಕ್ಷನ್ ಬೆನ್ನಿನ ಮಾಂಸಖಂಡಕ್ಕೆ ಮೂರು ಸಲ ಚುಚ್ಚಬೇಕು, ಅದು ನಮ್ಮಲ್ಲಿ ಸುಲಭವಾಗಿ ಸಿಗುವುದೂ ಇಲ್ಲ. ಜತೆಗೆ ನಾಲ್ಕು ವಾರ ಡಾಕ್ಸಿಸೈಕ್ಲಿನ್ ಅನ್ನುವ ಆಂಟಿಬಯೋಟಿಕ್. ತಿಂಗಳುಗಟ್ಟಲೆ ನಾಯಿ ಓಡಬಾರದು, ಹಾರಬಾರದು. ಯಾಕೆಂದರೆ ಸತ್ತ ಹುಳುವಿನ ತುಂಡು ಶ್ವಾಸಕೋಶದ ರಕ್ತನಾಳವನ್ನು ಕಟ್ಟಿಬಿಡಬಹುದು. ನಮ್ಮ ನಾಯಿ ಬೊಗ್ಗು ಲಿಫ್ಟ್ ಬಾಗಿಲು ತೆರೆದರೆ ಸಾಕು ಹಾರುವವನು. ಅವನನ್ನು ಮೂರು ತಿಂಗಳು ಕಟ್ಟಿಹಾಕುವುದು ನನ್ನ ಕೈಲಿ ಆಗದ ಕೆಲಸ.

ಸ್ಟ್ರಿಪ್ ತಿರುಗಿಸಿ ಓದಿ

ಇವತ್ತೇ ಮಾಡಬಹುದಾದ ಕೆಲಸ ಇದು. ಬ್ರಾಂಡ್ ಹೆಸರು ಬಿಡಿ. ಹಿಂದೆ ಸಣ್ಣ ಅಕ್ಷರದಲ್ಲಿ ಔಷಧಿಯ ಹೆಸರು ಇರುತ್ತದೆ, ಅದನ್ನು ನೋಡಿ.

ಐವರ್‌ಮೆಕ್ಟಿನ್, ಮಿಲ್ಬೆಮೈಸಿನ್ ಆಕ್ಸೈಮ್, ಮಾಕ್ಸಿಡೆಕ್ಟಿನ್, ಸೆಲಮೆಕ್ಟಿನ್. ಈ ನಾಲ್ಕರಲ್ಲಿ ಒಂದು ಇರಬೇಕು. ಮೊದಲಿನ ಎರಡು ಸಾಮಾನ್ಯವಾಗಿ ಮಾತ್ರೆ, ಕೊನೆಯ ಎರಡು ಹೆಚ್ಚಾಗಿ ಬೆನ್ನಿನ ಮೇಲೆ ಹಾಕುವ ದ್ರವ. ಪ್ರಾಜಿಕ್ವಾಂಟೆಲ್, ಪೈರಾಂಟೆಲ್, ಫೆಬಾಂಟೆಲ್, ಫೆನ್‌ಬೆಂಡಜೋಲ್ ಅಂತ ಮಾತ್ರ ಇದ್ದರೆ ಅದು ಹೊಟ್ಟೆಯ ಹುಳಕ್ಕೆ. ಒಳ್ಳೆಯ ಔಷಧಿಯೇ, ಬೇಕಾದದ್ದೇ, ಆದರೆ ಹಾರ್ಟ್‌ವರ್ಮ್‌ಗೆ ಉಪಯೋಗವಿಲ್ಲ. ಫಿಪ್ರೊನಿಲ್, ಫ್ಲುರಲಾನರ್, ಅಫೊಕ್ಸೊಲಾನರ್ ಮಾತ್ರ ಇದ್ದರೆ ಅದು ಉಣ್ಣಿ, ಚಿಗಟಕ್ಕೆ. ಕೆಲವು ಮಾತ್ರೆಗಳಲ್ಲಿ ಎರಡೂ ಸೇರಿರುತ್ತವೆ, ಹಾಗಾಗಿ ಓದದೆ ತೀರ್ಮಾನ ಮಾಡಬೇಡಿ.

ಇನ್ನೊಂದು ಸಣ್ಣ ಗೋಜಲು ಇದೆ. ಮಿಲ್ಬೆಮೈಸಿನ್ ಮತ್ತು ಪ್ರಾಜಿಕ್ವಾಂಟೆಲ್ ಸೇರಿದ ಜಂತುಹುಳದ ಮಾತ್ರೆಯನ್ನು ತುಂಬಾ ಜನ ಮೂರು ತಿಂಗಳಿಗೊಮ್ಮೆ ಕೊಡುತ್ತಾರೆ. ಹೆಸರು ಸರಿ ಇದೆ, ಆದರೆ ಮೂರು ತಿಂಗಳ ಅಂತರದಲ್ಲಿ ಹಾರ್ಟ್‌ವರ್ಮ್ ನುಸುಳಿಬಿಡುತ್ತದೆ. ಅದಕ್ಕೆ ಬೇಕಾದದ್ದು ತಿಂಗಳ ಲೆಕ್ಕ.

ದಯವಿಟ್ಟು ಒಂದು ಮಾತು ಕೇಳಿ. ಹಸು, ಕುರಿಗೆ ಕೊಡುವ ಐವರ್‌ಮೆಕ್ಟಿನ್ ಬಾಟಲಿ ತಂದು ಹನಿ ಲೆಕ್ಕದಲ್ಲಿ ನಾಯಿಗೆ ಹಾಕಬೇಡಿ, ಊರಲ್ಲಿ ಯಾರು ಎಷ್ಟೇ ಹೇಳಲಿ. ಹಾರ್ಟ್‌ವರ್ಮ್ ತಡೆಗೆ ಬೇಕಾದದ್ದು ಕೆಜಿಗೆ 6 ಮೈಕ್ರೊಗ್ರಾಂ, ಅಷ್ಟೇ. ಕಜ್ಜಿಗೆ ಕೊಡುವ ಪ್ರಮಾಣ ಇದರ ಹತ್ತಾರು ಪಟ್ಟು. ಕೋಲಿ, ಶೆಟ್‌ಲ್ಯಾಂಡ್ ಶೀಪ್‌ಡಾಗ್ ಥರದ ತಳಿಗಳಲ್ಲಿ ಕೆಲವು ನಾಯಿಗಳಿಗೆ ಹುಟ್ಟಿನಿಂದಲೇ ಇದನ್ನು ತಡೆದುಕೊಳ್ಳುವ ಶಕ್ತಿ ಕಡಿಮೆ, ಜಾಸ್ತಿಯಾದರೆ ಮೆದುಳಿಗೇ ಏಟು. ತಡೆಗೆ ಕೊಡುವ ಸಣ್ಣ ಪ್ರಮಾಣ ಆ ತಳಿಗಳಿಗೂ ಸುರಕ್ಷಿತ.

ಡಾಕ್ಟರ ಹತ್ತಿರ ಒಂದು ಸಲ ಸರಿಯಾಗಿ ಕೂತು ಮಾತಾಡಿ

ನಮ್ಮ ದೇಶದಲ್ಲಿ ಹೃದಯದ ಈ ಹುಳು ಹೆಚ್ಚು ಕಂಡದ್ದು ಈಶಾನ್ಯ ರಾಜ್ಯಗಳಲ್ಲಿ. ಕೇರಳದ ಕಡೆ ಇದರ ದಾಯಾದಿ, ಡೈರೊಫೈಲೇರಿಯಾ ರೆಪೆನ್ಸ್ ಅನ್ನುವುದು ಇದೆ. ಅದು ಚರ್ಮದ ಕೆಳಗೆ ಇರುತ್ತದೆ, ಅದೂ ಸೊಳ್ಳೆಯಿಂದಲೇ ಬರುತ್ತದೆ, ಅಪರೂಪಕ್ಕೆ ಮನುಷ್ಯರ ಕಣ್ಣಲ್ಲೂ ಕಾಣಿಸಿಕೊಂಡಿದೆ. ಹಾಗಾಗಿ "ಮುಂಬಯಿಯಲ್ಲಿ ನನ್ನ ನಾಯಿಗೆ ಬೇಕಾ?" ಅನ್ನುವ ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ಉತ್ತರ ನಿಮ್ಮ ನಾಯಿಯ ದಿನಚರಿಯಲ್ಲಿದೆ. ನೆಲಮಹಡಿಯ ಮನೆಯೇ, ರಾತ್ರಿ ಬಾಲ್ಕನಿಯಲ್ಲಿ ಮಲಗುತ್ತದೆಯೇ, ಹತ್ತಿರ ನಾಲೆ ಇದೆಯೇ, ರಜೆಗೆ ಕರಾವಳಿಗೆ ಬರುತ್ತದೆಯೇ, ಎಲ್ಲವನ್ನೂ ಡಾಕ್ಟರಿಗೆ ಹೇಳಿ. ಬೇಡ ಅಂದರೆ ಸರಿ. ಬೇಕು ಅಂತಾದರೆ ಪೂರ್ತಿ ಮಾಡಿ. ಒಂದು ತಿಂಗಳು ಕೊಟ್ಟು ಎರಡು ತಿಂಗಳು ಬಿಡುವುದರಲ್ಲಿ ದುಡ್ಡೂ ಹೋಗುತ್ತದೆ, ನಾಯಿಗೂ ರಕ್ಷಣೆಯಿಲ್ಲ, ನಮಗೆ ಮಾತ್ರ "ಕೊಡ್ತಿದ್ದೇವೆ" ಅನ್ನುವ ಸಮಾಧಾನ.

7 ತಿಂಗಳು ದಾಟಿದ ನಾಯಿಯಾದರೆ ಶುರು ಮಾಡುವ ಮೊದಲು ರಕ್ತಪರೀಕ್ಷೆ ಮಾಡಿಸಿ. ಈಗಾಗಲೇ ರಕ್ತದಲ್ಲಿ ಮರಿಹುಳು ತುಂಬಿದ್ದರೆ ಕೆಲವು ಔಷಧಿಗಳಿಂದ ಅವೆಲ್ಲ ಒಮ್ಮೆಲೇ ಸತ್ತು ನಾಯಿ ಕುಸಿದು ಬೀಳಬಹುದು. ಸಾಮಾನ್ಯವಾಗಿ ಮಾಡುವ ಆಂಟಿಜೆನ್ ಟೆಸ್ಟ್ ಬೆಳೆದ ಹೆಣ್ಣು ಹುಳುವಿನ ಗುರುತನ್ನು ಹಿಡಿಯುತ್ತದೆ. ಅದರ ಜತೆ ಸೂಕ್ಷ್ಮದರ್ಶಕದಲ್ಲಿ ರಕ್ತ ನೋಡಿದರೆ ಮರಿಹುಳುವೂ ಗೊತ್ತಾಗುತ್ತದೆ. ಎರಡನ್ನೂ ಕೇಳಿ. ಮರಿನಾಯಿಗೆ 8 ವಾರದ ಹೊತ್ತಿಗೇ ಶುರು ಮಾಡಬಹುದು, ಪರೀಕ್ಷೆ ಆಮೇಲೆ.

ಅಲ್ಲೇ ತೂಕ ನೋಡಿಸಿ ಬರೆದುಕೊಳ್ಳಿ. ಬೆಳೆಯುವ ಮರಿಯಾದರೆ ಪ್ರತಿ ತಿಂಗಳೂ ತೂಕ ಬೇಕು. ಮನೆಯ ತಕ್ಕಡಿಯಲ್ಲಿ ನಾಯಿಯನ್ನು ಎತ್ತಿಕೊಂಡು ನಿಂತು, ಆಮೇಲೆ ಒಬ್ಬರೇ ನಿಂತು ಕಳೆದರೆ ಆಯಿತು.

ತಪ್ಪದ ದಿನಕ್ಕೆ ಕಟ್ಟಿಹಾಕಿ

ನನ್ನ ಮಟ್ಟಿಗೆ ಎಲ್ಲಕ್ಕಿಂತ ಹೆಚ್ಚು ಕೆಲಸ ಮಾಡಿದ್ದು ಇದು. ಫೋನಿನ ಅಲಾರಾಂ ಇಟ್ಟು ನೋಡಿದೆ. ಲೋಕಲ್ ಟ್ರೇನಿನಲ್ಲಿ ನಿಂತಿರುವಾಗ ಅದು ಬಾರಿಸುತ್ತಿತ್ತು, ಆರಿಸಿಬಿಡುತ್ತಿದ್ದೆ, ಮನೆಗೆ ಬರುವಷ್ಟರಲ್ಲಿ ಮರೆತಿರುತ್ತಿತ್ತು. ಪ್ರತಿ ತಿಂಗಳ 1ನೇ ತಾರೀಕು ಅಂತ ಮಾಡಿದೆ. ಸಂಬಳ, ಬಾಡಿಗೆ, ಸೊಸೈಟಿ ಮೇಂಟೆನೆನ್ಸ್, ಮಕ್ಕಳ ಫೀಸು ಎಲ್ಲಾ ಅದೇ ದಿನ, ಮಾತ್ರೆ ಅದರಡಿಯಲ್ಲಿ ಹೂತುಹೋಯಿತು.

ಪರಿಹಾರ ಸಿಕ್ಕಿದ್ದು ಅಮ್ಮನಿಂದ. ಅಮ್ಮ ಸಂಕಷ್ಟಿ ಉಪವಾಸ ಮಾಡುತ್ತಾರೆ, ಮೂವತ್ತು ವರ್ಷದಿಂದ ಒಂದೂ ತಪ್ಪಿಲ್ಲ. "ಅದಕ್ಕೂ ಸಂಕಷ್ಟಿಯ ದಿನವೇ ಕೊಡು ಮಾರಾಯಾ, ನಾನಿದ್ದೇನಲ್ಲ ನೆನಪು ಮಾಡೋಕೆ" ಅಂದರು. ಲೆಕ್ಕ ಹಾಕಿ ನೋಡಿದೆ. ಒಂದು ಸಂಕಷ್ಟಿಯಿಂದ ಇನ್ನೊಂದಕ್ಕೆ 29 ಅಥವಾ 30 ದಿನ, 31 ಆಗುವ ಪ್ರಮೇಯವೇ ಅಪರೂಪ. ಅಧಿಕ ಮಾಸ ಬಂದರೂ ಸಂಕಷ್ಟಿ ಬರುತ್ತದೆ. ಚಾಂದ್ರಮಾನದ 12 ತಿಂಗಳಿಗೆ ಸುಮಾರು 354 ದಿನ, ಹಾಗಾಗಿ ಸುಮಾರು ಮೂರು ವರ್ಷಕ್ಕೆ ಒಂದು ಮಾತ್ರೆ ಜಾಸ್ತಿ ಬೇಕಾಗುತ್ತದೆ. ಅಷ್ಟೇ ವ್ಯತ್ಯಾಸ. ಒಂದು ದಿನ ಮುಂಚೆ ಕೊಟ್ಟರೆ ತೊಂದರೆ ಇಲ್ಲವಾ ಅಂತ ನಮ್ಮ ಡಾಕ್ಟರನ್ನು ಕೇಳಿಯೇ ಶುರು ಮಾಡಿದ್ದು. ಗೋಡೆಯ ಕ್ಯಾಲೆಂಡರಿನಲ್ಲಿ ಸಂಕಷ್ಟಿ ಮೊದಲೇ ಅಚ್ಚಾಗಿರುತ್ತದೆ, ಚಂದ್ರೋದಯದ ಹೊತ್ತಿನ ಸಮೇತ. ರಾತ್ರಿ ಚಂದ್ರನನ್ನು ನೋಡಿ ಅಮ್ಮ ಊಟಕ್ಕೆ ಕೂರುವಾಗ ಬೊಗ್ಗುವಿಗೂ ಅನ್ನದ ಜತೆ ಮಾತ್ರೆ.

ಸಂಕಷ್ಟಿ ಮಾಡದ ಮನೆಯವರು ಬೇರೆ ಯಾವುದಾದರೂ ಹಿಡಿಯಿರಿ. ಉಡುಪಿಯವರು ಅಮಾವಾಸ್ಯೆ ಹಿಡಿದರು. ತಿಂಗಳ ಎರಡನೇ ಭಾನುವಾರ ಅಂತ ಇಟ್ಟುಕೊಂಡರೆ ಕೆಲವು ಸಲ 35 ದಿನ ಆಗುತ್ತದೆ, ಅದು ಬೇಡ. ಗ್ಯಾಸ್ ಸಿಲಿಂಡರ್ ಬರುವ ದಿನವೂ ಬೇಡ, ಅದಕ್ಕೆ ನಿಯಮವಿಲ್ಲ. ಮನೆಯಲ್ಲಿ ಯಾರೋ ಒಬ್ಬರು ಯಾವತ್ತೂ ಮರೆಯದ, ತಿಂಗಳಿಗೊಮ್ಮೆ ಬರುವ ಕೆಲಸ ಒಂದಿರುತ್ತದೆ. ಅದನ್ನು ಹುಡುಕಿ.

ಕೊಡುವವರು ಒಬ್ಬರೇ ಇರಲಿ. ಎಲ್ಲರೂ ಕೊಡುವ ಮನೆಯಲ್ಲಿ ಒಂದೋ ಎರಡು ಸಲ ಆಗುತ್ತದೆ, ಇಲ್ಲವೇ ಒಂದು ಸಲವೂ ಆಗುವುದಿಲ್ಲ. ಕೊಟ್ಟ ಕೂಡಲೇ ಕ್ಯಾಲೆಂಡರಿನ ಆ ಚೌಕಕ್ಕೆ ಪೆನ್ನಿನಿಂದ ಗುರುತು. ಸ್ಟ್ರಿಪ್ ಮೇಲೂ ಪ್ರತಿ ಗುಳಿಯ ಪಕ್ಕ ತಿಂಗಳ ಹೆಸರು ಮೊದಲೇ ಬರೆದಿಡಿ. ಶ್ರಾವಣದ ಗುಳಿಯಲ್ಲಿ ಭಾದ್ರಪದದಲ್ಲೂ ಮಾತ್ರೆ ಕಂಡರೆ ಯಾರನ್ನೂ ಕೇಳಬೇಕಾಗಿಲ್ಲ.

ನುಂಗುವವರೆಗೆ ನೋಡಿ. ಬೊಗ್ಗು ಒಂದು ಸಲ ಮಾತ್ರೆಯನ್ನು ದವಡೆಯಲ್ಲಿ ಇಟ್ಟುಕೊಂಡು ಸೋಫಾ ಹಿಂದೆ ಉಗುಳಿದ್ದ, ಗುಡಿಸುವಾಗ ಸಿಕ್ಕಿತು. ಒಂದೆರಡು ಗಂಟೆಯೊಳಗೆ ವಾಂತಿ ಮಾಡಿದರೆ ಇನ್ನೊಂದು ಕೊಡಬೇಕೇ ಅಂತ ಡಾಕ್ಟರಿಗೆ ಫೋನ್ ಮಾಡಿ. ದ್ರವದ ಔಷಧಿಯಾದರೆ ಕೂದಲು ಬಿಡಿಸಿ ಚರ್ಮಕ್ಕೇ ತಾಗುವ ಹಾಗೆ, ಎರಡು ಭುಜಗಳ ನಡುವೆ ಹಾಕಬೇಕು, ಸ್ನಾನ ಯಾವಾಗ ಅಂತ ಪ್ಯಾಕೆಟ್ ಮೇಲೆ ಬರೆದಿರುತ್ತದೆ.

ಆರು ತಿಂಗಳಿನದು ಒಟ್ಟಿಗೆ ತಂದಿಡಿ, ಎಕ್ಸ್‌ಪೈರಿ ನೋಡಿ. ಮಳೆಗಾಲದಲ್ಲಿ ನಮ್ಮ ಮನೆಗಳಲ್ಲಿ ಉಪ್ಪೂ ನೀರಾಗುತ್ತದೆ ಅಲ್ವಾ, ಹಾಗಾಗಿ ಬಿಗಿಯಾದ ಡಬ್ಬಿಯಲ್ಲಿಡಿ.

ಊರಿಗೆ ಹೋಗುವಾಗ

ಮುಂಬಯಿ ಕನ್ನಡಿಗರ ನಾಯಿಗಳಿಗೆ ಮಾತ್ರೆ ತಪ್ಪುವುದು ಹೆಚ್ಚಾಗಿ ಇಲ್ಲೇ ಅಂತ ನನಗನ್ನಿಸುತ್ತದೆ. ಮೇ ರಜೆ, ಮದುವೆ, ಕೋಲ, ಗಣಪತಿ. ನಾಯಿಯೂ ಬಂದರೆ ಒಂದು ಚಿಂತೆ, ಬಿಟ್ಟುಹೋದರೆ ಇನ್ನೊಂದು.

ಎರಡು ವರ್ಷದ ಹಿಂದೆ ಮೇನಲ್ಲಿ ಅಕ್ಕನ ಮಗಳ ಮದುವೆಗೆ ನಾವೆಲ್ಲ ಕುಂದಾಪುರಕ್ಕೆ ಹೋದೆವು. ಬೊಗ್ಗುವನ್ನು ನಾಯಿ ನೋಡಿಕೊಳ್ಳುವ ಒಂದು ಕಡೆ ಬಿಟ್ಟೆವು. ಮಾತ್ರೆ ಕೈಗೆ ಕೊಟ್ಟು ಬಾಯಿಮಾತಿನಲ್ಲಿ ಹೇಳಿದ್ದೆ. ಅವರು ಕೊಟ್ಟಿರಲಿಲ್ಲ. ವಾಪಸು ಬಂದ ಚೀಲವನ್ನು ನಾನೂ ಬಿಚ್ಚಿ ನೋಡಲಿಲ್ಲ. ಜೂನ್‌ನಲ್ಲಿ ಮಳೆ, ಶಾಲೆ, ಗಡಿಬಿಡಿ. ಜುಲೈ ಮೊದಲ ವಾರ ಚೀಲದಲ್ಲಿ ಮಾತ್ರೆ ಸಿಕ್ಕಾಗ ಕೊನೆಯ ಮಾತ್ರೆ ಕೊಟ್ಟು 75 ದಿನ ದಾಟಿತ್ತು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಈಗ ಬಿಟ್ಟುಹೋಗುವುದಾದರೆ ಚೀಟಿ ಬರೆದು ಕೊಡುತ್ತೇನೆ, ಅವರಿಗೆ ಓದಲು ಬರುವ ಭಾಷೆಯಲ್ಲಿ, ಇಲ್ಲಿ ಹೆಚ್ಚಾಗಿ ಮರಾಠಿ ಅಥವಾ ಹಿಂದಿಯಲ್ಲಿ. ತಾರೀಕು, ಎಷ್ಟು ಮಾತ್ರೆ, ಯಾವುದರ ಜತೆ, ವಾಂತಿಯಾದರೆ ಯಾರಿಗೆ ಫೋನ್. ಸ್ಟ್ರಿಪ್‌ನಿಂದ ಒಂದೇ ಮಾತ್ರೆಯ ಗುಳಿ ಕತ್ತರಿಸಿ ಕೊಡುತ್ತೇನೆ, ಪೂರ್ತಿ ಸ್ಟ್ರಿಪ್ ಅಲ್ಲ. ಕೊಡುವಾಗ ವಿಡಿಯೊ ಮಾಡಿ ಕಳಿಸಿ ಅಂತ ಕೇಳುತ್ತೇನೆ. ಕೇಳಲು ಸಂಕೋಚ ಬೇಡ. ಸಾಧ್ಯವಾದರೆ ಹೊರಡುವ ದಿನವೇ ಕೊಡುವುದು ಇನ್ನೂ ಒಳ್ಳೆಯದು, ಆದರೆ ತುಂಬಾ ಮುಂಚೆ ಆಗುವುದಾದರೆ ಡಾಕ್ಟರನ್ನು ಕೇಳಿ.

ಕರೆದುಕೊಂಡೇ ಹೋಗುವವರು ಮಾತ್ರೆಯನ್ನು ದೊಡ್ಡ ಬ್ಯಾಗಿಗೆ ಹಾಕಬೇಡಿ, ಬೆಲ್ಟು, ಬಟ್ಟಲು ಇರುವ ನಾಯಿಯ ಚೀಲದಲ್ಲೇ ಇರಲಿ. ಊರಿನ ಮನೆಯಲ್ಲಿ ಸೊಳ್ಳೆ ನಮ್ಮ ಹತ್ತನೇ ಮಹಡಿಯ ಹಾಗಲ್ಲ. ತೋಟದಲ್ಲಿ ಬಿದ್ದ ಅಡಿಕೆ ಹಾಳೆ, ತೆಂಗಿನ ಚಿಪ್ಪು, ಹಟ್ಟಿಯ ಹಿಂದಿನ ಡ್ರಮ್ಮು, ಎಲ್ಲದರಲ್ಲೂ ನೀರು ನಿಂತು ಮರಿ ಆಗಿರುತ್ತದೆ. ಹೋದ ದಿನವೇ ಮಗುಚಿ ಹಾಕಿ. ಮನುಷ್ಯರು ಹಚ್ಚುವ ಸೊಳ್ಳೆ ಕ್ರೀಮನ್ನು ನಾಯಿಗೆ ಹಚ್ಚಬೇಡಿ, ನೆಕ್ಕಿದರೆ ವಿಷ. ಸೊಳ್ಳೆ ಹೋಗುತ್ತದೆ ಅಂತ ಬೆಳ್ಳುಳ್ಳಿ ತಿನ್ನಿಸುವುದೂ ಬೇಡ, ಅದು ನಾಯಿಯ ರಕ್ತಕಣಗಳನ್ನು ಹಾಳುಮಾಡುತ್ತದೆ. ಪರ್ಮೆಥ್ರಿನ್ ಇರುವ ನಾಯಿಯ ಔಷಧಿ ತಂದರೆ ಮನೆಯ ಬೆಕ್ಕನ್ನು ದೂರ ಇಡಿ, ಬೆಕ್ಕಿಗೆ ಅದು ಪ್ರಾಣಕ್ಕೇ ಅಪಾಯ.

ತಪ್ಪಿಹೋದರೆ

ನೆನಪಾದ ಕ್ಷಣವೇ ಕೊಡಿ. "ಮುಂದಿನ ಸಂಕಷ್ಟಿಗೆ ಕೊಟ್ಟರಾಯಿತು" ಅನ್ನಬೇಡಿ. ಒಟ್ಟಿಗೆ ಎರಡೂ ಕೊಡಬೇಡಿ. ನಾಲ್ಕೈದು ದಿನ ತಡವಾಗಿದ್ದರೆ ಗಾಬರಿ ಬೇಡ, ಕೊಟ್ಟು ಮುಂದುವರಿಸಿ.

ಎರಡು ತಿಂಗಳು ಆಗಿಬಿಟ್ಟಿದ್ದರೆ ಮೊದಲು ಡಾಕ್ಟರಿಗೆ ನಿಜವಾದ ತಾರೀಕು ಹೇಳಿ. ಬೈಯುತ್ತಾರೆ ಅಂತ ಕಮ್ಮಿ ಮಾಡಿ ಹೇಳಬೇಡಿ. ನಮ್ಮ ಡಾಕ್ಟರು ಬೈಯಲಿಲ್ಲ. ಅವತ್ತೇ ಮಾತ್ರೆ ಕೊಡಿಸಿದರು, ರಕ್ತ ತೆಗೆದರು, ಇನ್ನು ಒಂದೂ ತಪ್ಪಬಾರದು ಅಂದರು, ಆಮೇಲೆ ಫೆಬ್ರವರಿಯಲ್ಲಿ ಮತ್ತೆ ಟೆಸ್ಟ್ ಅಂದರು. ಯಾಕೆ ಅಷ್ಟು ದೂರ ಅಂತ ಕೇಳಿದೆ. ಜುಲೈಯ ಟೆಸ್ಟ್ ಹೇಳುವುದು ಜನವರಿಗೂ ಹಿಂದಿನ ಕಥೆ. ಮೇ-ಜೂನ್‌ನಲ್ಲಿ ಹುಳು ಸೇರಿದ್ದರೆ ಅದು ಬೆಳೆದು ಟೆಸ್ಟಿಗೆ ಸಿಗಲು ಆರೇಳು ತಿಂಗಳು ಬೇಕು. ಮೊದಲ ಟೆಸ್ಟ್ ನೆಗೆಟಿವ್ ಬಂತು ಅಂತ ಎರಡನೆಯದನ್ನು ಬಿಡುವವರು ತುಂಬಾ ಜನ. ಬಿಡಬೇಡಿ. ಆ ಏಳು ತಿಂಗಳು ನಾನು ಬೊಗ್ಗು ಒಂದು ಸಲ ಕೆಮ್ಮಿದರೂ ತಿರುಗಿ ನೋಡುತ್ತಿದ್ದೆ. ಫೆಬ್ರವರಿಯದೂ ನೆಗೆಟಿವ್ ಬಂತು.

ಕೆಮ್ಮು, ವಾಕಿಂಗ್‌ನಲ್ಲಿ ಬೇಗ ಸುಸ್ತಾಗುವುದು, ತೂಕ ಇಳಿಯುವುದು, ಹೊಟ್ಟೆ ಊದುವುದು, ಇವು ಹುಳು ಬೆಳೆದ ಮೇಲಿನ ಲಕ್ಷಣ. ಮೊದಲ ತಿಂಗಳುಗಳಲ್ಲಿ ನಾಯಿ ಆರಾಮಾಗಿಯೇ ಇರುತ್ತದೆ. ಹಾಗಾಗಿ ಮಾತ್ರೆ ಸರಿಯಾಗಿ ಕೊಡುತ್ತಿದ್ದರೂ ವರ್ಷಕ್ಕೊಮ್ಮೆ ಟೆಸ್ಟ್ ಮಾಡಿಸಿ.

ಮಳೆ ನಿಂತ ಮೇಲೂ

ಅಕ್ಟೋಬರ್‌ನಲ್ಲಿ ಮಳೆ ಹೋದ ಕೂಡಲೇ ನಿಲ್ಲಿಸುವವರಿದ್ದಾರೆ. ಚಳಿ ದೇಶಗಳಲ್ಲಿ ಹವೆ 14 ಡಿಗ್ರಿಗಿಂತ ಕೆಳಗೆ ಇಳಿದರೆ ಸೊಳ್ಳೆಯೊಳಗೆ ಮರಿಹುಳು ಬೆಳೆಯುವುದೇ ನಿಲ್ಲುತ್ತದೆ. ಮುಂಬಯಿಯಲ್ಲಿ ಜನವರಿಯಲ್ಲೂ ಮಧ್ಯಾಹ್ನ 30 ಡಿಗ್ರಿ. ಗಟಾರದ ಸೊಳ್ಳೆಗೆ ಮಳೆಯೂ ಬೇಕಿಲ್ಲ. ನಾನು ವರ್ಷದ ಎಲ್ಲಾ ತಿಂಗಳೂ ಕೊಡುತ್ತೇನೆ. ನಿಲ್ಲಿಸಿ ಮತ್ತೆ ಶುರು ಮಾಡುವಾಗಲೇ ಮರೆಯುವುದು ಜಾಸ್ತಿ.

ಒಂದು ವಿಷಯ ಉಳಿಯಿತು. ನಮ್ಮ ಗೇಟಿನ ಹತ್ತಿರ ಮಲಗುವ ಎರಡು ಬೀದಿನಾಯಿಗಳಿವೆ. ಸೊಳ್ಳೆಗೆ ಅವೂ ಒಂದೇ, ಬೊಗ್ಗುವೂ ಒಂದೇ. ಅವಕ್ಕೂ ಕೊಡೋಣ ಅಂತ ನಾಲ್ಕು ಮನೆಯವರು ದುಡ್ಡು ಹಾಕಿದ್ದೇವೆ. ಪರೀಕ್ಷೆ ಇಲ್ಲದೆ ಕೊಡುವ ಹಾಗಿಲ್ಲವಲ್ಲ, ಹಾಗಾಗಿ ಪರೇಲ್‌ನ ಪ್ರಾಣಿ ಆಸ್ಪತ್ರೆಗೆ ಕರೆದೊಯ್ಯಬೇಕು. ಒಂದು ನಾಯಿ ಬೆಲ್ಟು ಹಾಕಿಸಿಕೊಳ್ಳುತ್ತದೆ. ಇನ್ನೊಂದಕ್ಕೆ ಧಾರವಾಡದ ಅಕ್ಕ ದಿನಾ ಚಪಾತಿ ಹಾಕಿ ಅಭ್ಯಾಸ ಮಾಡಿಸುತ್ತಿದ್ದಾರೆ, ಈಗ ಕತ್ತು ಮುಟ್ಟಲು ಬಿಡುತ್ತಿದೆ.